ಕೊಪ್ಪಳ ಜಿಲ್ಲೆಯ ಮಹಿಳಾ ಉದ್ಯಮಿಗಳು: ಸವಾಲುಗಳು ಹಾಗೂ ಸರ್ಕಾರದ ನೆರವು

ಹಿನ್ನೆಲೆ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳನ್ನು ಒಳಗೊಂಡಿತ್ತು. ಗಂಗಾವತಿಯು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶವಾಗಿದ್ದರೆ, ಕುಷ್ಟಗಿ ಹಾಗೂ ಯಲಬುರ್ಗಾ ಬಹುಪಾಲು ಮಳೆಯಾಶ್ರಿತವಾಗಿವೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಅನೇಕ ಕುಟುಂಬಗಳಿಗೆ ಮನೆಕಸುಬೇ ಆಸರೆಯಾಗಿರುತ್ತದೆ. ಭಾಗ್ಯನಗರದ ಕೈಮಗ್ಗ ಹಾಗೂ ಕೂದಲು ಸಂಸ್ಕರಣೆ, ದೋಟಿಹಾಳದ ನೇಕಾರಿಕೆ, ಆನೆಗೊಂದಿಯ ಬಾಳೆನಾರಿನ ಕರಕುಶಲ ವಸ್ತುಗಳ ತಯಾರಿಕೆಗಳಲ್ಲಿ ಮಹಿಳೆಯರ ದುಡಿಮೆಯ ಪಾಲು ದೊಡ್ಡದು.

ಸವಾಲುಗಳು

ದುಡಿಮೆ ಮಹಿಳೆಯದಾದರೂ ದಾಖಲೆಗಳು ಸಾಮಾನ್ಯವಾಗಿ ಪುರುಷರ ಹೆಸರಿನಲ್ಲಿರುತ್ತವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿ, ಕೇಂದ್ರ ಸರ್ಕಾರವು 2005ರಲ್ಲಿ ಜಾರಿಗೊಳಿಸಿವೆ. ಆದರೂ ತವರಿನ ಸಂಬಂಧ ಕೆಡಬಾರದೆಂದು ಪಾಲು ಕೇಳದಿರುವ ರೂಢಿ ಮುಂದುವರಿದಿದೆ. ಪಹಣಿಯಲ್ಲಿ ಹೆಸರಿಲ್ಲದ ಮಹಿಳೆಗೆ ಸಾಲಕ್ಕೆ ಭದ್ರತೆ ಒದಗಿಸುವುದು ಕಷ್ಟವಾಗುತ್ತದೆ.

2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು ಗ್ರಾಮೀಣ ಮಹಿಳೆಯರಲ್ಲಿ ಉಳಿತಾಯ ಹಾಗೂ ಮರುಪಾವತಿಯ ಶಿಸ್ತನ್ನು ಬೆಳೆಸಿವೆ. ಆದರೆ ಗುಂಪಿನ ಸಣ್ಣ ಸಾಲದಿಂದ ಸ್ವಂತ ಘಟಕದ ಸಾಲದವರೆಗಿನ ಹೆಜ್ಜೆ ದೊಡ್ಡದು.

ಲಭ್ಯವಿರುವ ನೆರವು

1. ಉದ್ಯೋಗಿನಿ ಯೋಜನೆ: ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಈ ಯೋಜನೆಯಡಿ 18ರಿಂದ 55 ವರ್ಷದ ಮಹಿಳೆಯರಿಗೆ ಬ್ಯಾಂಕುಗಳ ಮೂಲಕ ಗರಿಷ್ಠ 3 ಲಕ್ಷ ರೂ. ಸಾಲ ದೊರೆಯುತ್ತದೆ. ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇ. 50ರಷ್ಟು, ಇತರರಿಗೆ ಶೇ. 30ರಷ್ಟು ಅಥವಾ ಗರಿಷ್ಠ 90,000 ರೂ. ಸಹಾಯಧನವಿರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮಿತಿ ಕ್ರಮವಾಗಿ 2 ಲಕ್ಷ ಹಾಗೂ 1.5 ಲಕ್ಷ ರೂ.

2. ಭದ್ರತೆರಹಿತ ಸಾಲ: ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳ 10 ಲಕ್ಷ ರೂ.ವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಸೂಚಿಸಿದೆ. ಜಮೀನಿಲ್ಲದ ಮಹಿಳೆಯರಿಗೆ ಇದು ಮುಖ್ಯವಾದುದು.

3. ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಮಹಿಳೆಯ ಹೆಸರಿನಲ್ಲಿ ಉದ್ಯಮದ ದಾಖಲೆ ಸೃಷ್ಟಿಯಾಗಲು ಇದು ಮೊದಲ ಹೆಜ್ಜೆ.

ಅರ್ಜಿದಾರರ ಗಮನಕ್ಕೆ

ಬ್ಯಾಂಕು ಸಾಲ ಮಂಜೂರು ಮಾಡಿದ ನಂತರವೇ ಸಹಾಯಧನ ಬಿಡುಗಡೆಯಾಗುವುದರಿಂದ, ಅರ್ಜಿಯೊಂದಿಗೆ ಸ್ಪಷ್ಟವಾದ ಯೋಜನಾ ವರದಿ ಇರುವುದು ಅವಶ್ಯ. ಮಹಿಳೆಯ ಹೆಸರಿನಲ್ಲಿ ಪಡೆದ ಸಾಲವನ್ನು ಕುಟುಂಬದ ಇತರರು ಬಳಸಿಕೊಂಡರೂ ಮರುಪಾವತಿಯ ಹೊಣೆ ಸಹಿ ಮಾಡಿದವರದೇ ಆಗಿರುತ್ತದೆ. ಆದ್ದರಿಂದ ಪಾಸ್‌ಪುಸ್ತಕ ಹಾಗೂ ವ್ಯವಹಾರದ ಲೆಕ್ಕವನ್ನು ಸ್ವತಃ ಇಟ್ಟುಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.