ಎಪ್ಪತ್ತು ಗಂಟೆಯ ಲೆಕ್ಕ

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಹೇಳಿದರು. ತಾವೂ ಹಾಗೆಯೇ ದುಡಿದವರು, ಅಲ್ಲಗಳೆಯುವುದಿಲ್ಲ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದೂವರೆ ಗಂಟೆ ದಾಟುತ್ತದೆ. ಸಮಾಜ ಪಾಠ ಹೇಳುವ ನನಗೂ ಇಷ್ಟು ಲೆಕ್ಕ ಬರುತ್ತದೆ. ಆದರೆ ಹಾಗೆ ದುಡಿದು ಬಂದವನಿಗೆ ರೊಟ್ಟಿ ಬಡಿದು, ಮಗುವಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುವವಳ ಗಂಟೆಗಳನ್ನು ಯಾವ ಖಾತೆಗೆ ಬರೆಯುತ್ತೀರಿ, ಸ್ವಾಮಿ?

1981ರಲ್ಲಿ ಆ ಸಂಸ್ಥೆಗೆ 10,000 ರೂಪಾಯಿ ಕೊಟ್ಟವರು ಪತ್ನಿ ಸುಧಾಮೂರ್ತಿ. ಇಬ್ಬರಲ್ಲಿ ಒಬ್ಬರೇ ಒಳಗಿರಬೇಕೆಂದಾಗ ಹೊರಗುಳಿದವರೂ ಅವರೇ. ಅವರೂ ಇಂಜಿನಿಯರೇ ಅಲ್ಲವೆ?

ಮೊನ್ನೆ ಕಂಪ್ಲಿಯ ನನ್ನ ಹಳೆಯ ವಿದ್ಯಾರ್ಥಿನಿ ಬೆಂಗಳೂರಿನ ಕೆಲಸ ಬಿಟ್ಟು, ಕೂಸನ್ನೆತ್ತಿಕೊಂಡು ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯಲ್ಲಿ ಇಳಿದಳು.

"ಅವರು ಮನೆಗೆ ಬರೋದೇ ರಾತ್ರಿ ಹತ್ತಕ್ಕೆ, ಟೀಚರ್. ಒಬ್ಬರಾದ್ರೂ ಮನೇಲಿರಬೇಕಲ್ಲ."