ಕೀಲಿ ಕೇಳದ ಗಡಿಯಾರ

ನಮ್ಮ ತೀರ್ಥರೂಪರ ಕೈಗಡಿಯಾರಕ್ಕೂ ನನ್ನ ಮೊಬೈಲಿಗೂ ಕಳೆದ ತಿಂಗಳು ವ್ಯಾಜ್ಯ ಹುಟ್ಟಿತು. ಎಂಟು ಗಂಟೆಯ ಮಾತ್ರೆಯನ್ನು ಹಿಡಿದು ನಾನು ಮಂಚದ ಬಳಿ ನಿಂತರೆ, ಅವರು ಮುಂಗೈ ತಿರುಗಿಸಿ ನೋಡಿ, “ಇನ್ನೂ ಏಳೂಕಾಲು, ಹೋಗೋ” ಎನ್ನುವರು. ಮೂವತ್ತು ವರ್ಷ ಅಂಚೆಯ ಚೀಲ ಹೊತ್ತು ಹಳ್ಳಿಹಳ್ಳಿ ಅಲೆದ ಕಾಲದಲ್ಲಿ ಎಂದೂ ಸುಳ್ಳಾಡದ ಗಡಿಯಾರ ಅದು. ಅದರ ಮಾತೇ ಅವರಿಗೆ ಪ್ರಮಾಣ.

ಎಚ್.ಎಂ.ಟಿ. ಆಟೊಮ್ಯಾಟಿಕ್. ಮದುವೆಯಲ್ಲಿ ನನ್ನ ತಾತ ಅಳಿಯನಿಗೆಂದು ಕೊಟ್ಟದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಈ ಗಡಿಯಾರದ ಉದ್ಯಮವನ್ನು ಮುಚ್ಚಲು ಸರ್ಕಾರ 2016ರಲ್ಲಿ ನಿರ್ಧರಿಸಿತು. ಇನ್ನು ಬಿಡಿಭಾಗಗಳು ದೊರೆಯುವುದೆಲ್ಲಿ ಎಂಬ ಚಿಂತೆಯಿಂದಲೇ ರಿಪೇರಿಯವರಲ್ಲಿಗೆ ಹೋದೆ.

ಅವರು ಕೀಲಿ ಕೊಟ್ಟು, ಬಡಿತವನ್ನಳೆಯುವ ಯಂತ್ರದ ಮೇಲಿಟ್ಟರು. ದಿನಕ್ಕೆ ಹತ್ತು ಸೆಕೆಂಡಿನ ವ್ಯತ್ಯಾಸವೂ ಇಲ್ಲ! “ಗಡಿಯಾರಕ್ಕೇನೂ ಆಗಿಲ್ಲ ಸಾರ್. ಕಟ್ಟಿಕೊಳ್ಳುವವರು ಯಾರು?” ಎಂದರು. ತಂದೆಯವರು ಜಾರಿಬಿದ್ದು ಎರಡು ತಿಂಗಳಿಂದ ಹಾಸಿಗೆ ಹಿಡಿದಿರುವುದನ್ನು ಹೇಳಿದೆ. “ಹಾಗಾದರೆ ಇದಕ್ಕೆ ಹೊಟ್ಟೆಗಿಲ್ಲ” ಎಂದರು.

ಸಂಗತಿ ಇಷ್ಟೆ. ಆಟೊಮ್ಯಾಟಿಕ್ ಗಡಿಯಾರದ ಒಡಲಲ್ಲಿ ಅರ್ಧಚಂದ್ರಾಕಾರದ ಒಂದು ತೂಕವಿದೆ. ಕೈ ಬೀಸಿದಾಗಲೆಲ್ಲ ಅದು ತಿರುಗಿ ಮುಖ್ಯ ಸ್ಪ್ರಿಂಗನ್ನು ಬಿಗಿಯುತ್ತದೆ. ಸ್ಪ್ರಿಂಗು ಪೂರ್ತಿ ಬಿಗಿದಿದ್ದರೆ ಸುಮಾರು ನಾಲ್ವತ್ತು ಗಂಟೆಗಳಷ್ಟು ಬುತ್ತಿ. ಕಾಲವನ್ನು ಎಣಿಸುವುದಾದರೋ ಅತ್ತಿತ್ತ ತೂಗುವ ಪುಟ್ಟ ಬ್ಯಾಲೆನ್ಸ್ ಚಕ್ರ. ತೂಗು ದೊಡ್ಡದಿರಲಿ, ಚಿಕ್ಕದಿರಲಿ, ಹಿಡಿಯುವ ಕಾಲ ಒಂದೇ ಆಗಿರಬೇಕೆಂಬುದು ಗಡಿಯಾರ ಶಾಸ್ತ್ರದ ಆದರ್ಶ. ಆದರ್ಶವೆಂದಮೇಲೆ ಕೇಳಬೇಕೆ! ಸ್ಪ್ರಿಂಗು ಸಡಿಲವಾದಂತೆ ತೂಗು ಕುಗ್ಗುತ್ತದೆ. ಕುಗ್ಗಿದಾಗ ಕೆಲವು ಗಡಿಯಾರಗಳು ಮುಂದೋಡುತ್ತವೆ, ಕೆಲವು ಹಿಂದುಳಿಯುತ್ತವೆ. ಆದರೂ ಅದು ಸೆಕೆಂಡುಗಳ ಲೆಕ್ಕ. ದಿನಕ್ಕೆ 86,400 ಸೆಕೆಂಡುಗಳಿರುವಾಗ ಹತ್ತಿಪ್ಪತ್ತು ತಪ್ಪಿದರೆ ಯಾರು ಗಮನಿಸುತ್ತಾರೆ?

ಮುಕ್ಕಾಲು ಗಂಟೆ ಕಾಣೆಯಾದದ್ದು ಬೇರೆ ಬಗೆಯಲ್ಲಿ. ಹಾಸಿಗೆಯ ಮೇಲೆ ಆಗೊಮ್ಮೆ ಈಗೊಮ್ಮೆ ಆಡುವ ಕೈಯಿಂದ ಸ್ಪ್ರಿಂಗಿಗೆ ದಿನದ ಕೂಳೂ ಹುಟ್ಟುತ್ತಿರಲಿಲ್ಲ. ಬೆಳಗಿನ ಜಾವದಲ್ಲಿ ಗಡಿಯಾರ ನಿಂತುಬಿಡುವುದು. ಅವರು ಎಚ್ಚರಗೊಂಡು ಹೊದಿಕೆ ಸರಿಸಿದೊಡನೆ ಮತ್ತೆ ನಡೆಯುವುದು. ನೋಡಿದಾಗಲೆಲ್ಲ ಮುಳ್ಳು ಓಡುತ್ತಲೇ ಇರುವಾಗ, ಅದು ನಿಂತಿತ್ತೆಂದರೆ ನಂಬುವವರು ಯಾರು?

ಔಷಧ ಸುಲಭ. ಈ ಗಡಿಯಾರಕ್ಕೆ ಪಕ್ಕದ ತಿರುಪಿನಿಂದ ಕೈಯಾರೆ ಕೀಲಿ ಕೊಡಲೂ ಬರುತ್ತದೆ. ಅತಿಯಾದರೆ ಸ್ಪ್ರಿಂಗು ತುಂಡಾದೀತೆಂಬ ಭಯವೂ ಬೇಡ. ಪೂರ್ತಿ ಬಿಗಿದ ಮೇಲೆ ಅದರ ಹೊರತುದಿ ಡಬ್ಬಿಯ ಗೋಡೆಗುಂಟ ಜಾರಿಕೊಳ್ಳುವಂತೆ ಏರ್ಪಾಡಿರುತ್ತದೆ.

ಆದರೆ ಇದನ್ನು ಅವರಿಗೆ ಹೇಳುವುದೆಂತು? ನಿಮ್ಮ ಕೈ ಆಡುತ್ತಿಲ್ಲ, ಅದಕ್ಕೇ ಗಡಿಯಾರ ಕೆಟ್ಟಿತು ಎಂದೆನಲು ನನಗೆ ನಾಲಗೆ ಬರಲಿಲ್ಲ. ಬೆಳಿಗ್ಗೆ ತಾಯಿಯವರು ಮೈಯೊರೆಸುವ ಹೊತ್ತಿನಲ್ಲಿ ಗಡಿಯಾರ ಬಿಚ್ಚಿಡುತ್ತಾರಲ್ಲ, ಆಗ ಅದನ್ನು ನಡುಮನೆಗೆ ತಂದು ಮೂವತ್ತು ಸುತ್ತು ಕೀಲಿ ಕೊಟ್ಟು ಮತ್ತೆ ಅಲ್ಲಿಯೇ ಇಡುತ್ತೇನೆ.

ಮೊನ್ನೆ ಎಂಟು ಗಂಟೆಗೆ ನಾನು ಹೋಗುವ ಮೊದಲೇ ಕರೆ ಬಂದಿತು. “ಎಲ್ಲೋ ಮಾತ್ರೆ?” ಎಂದವರೇ ಮುಂಗೈ ಎತ್ತಿ ತೋರಿಸಿದರು. “ನೋಡು, ಸರಿಯಾಗಿ ನಡೆಯುತ್ತಿದೆ. ಕೈಗೆ ಶಕ್ತಿ ಬರುತ್ತಿದೆ ಕಣೋ.”

ನಾನು ನೀರಿನ ಲೋಟ ಮುಂದೆ ಹಿಡಿದೆ.