ಪುಟ ಬದಲಾದರೆ ಬೆಲೆ ಬದಲಾದೀತೆ?

ಈ ಸಲ ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುವುದಿದೆ.

ಮಗಳ ಶಾಲೆಯ ಮುಂದಿನ ಜೂನಿನ ಶುಲ್ಕಕ್ಕೆಂದು ಕೂಡಿಸಿದ ಹಣದಲ್ಲಿ ಒಂದು ಕಂಪನಿಯ 100 ಶೇರುಗಳನ್ನು ಕೊಂಡಿದ್ದೆ; ತಲಾ 240 ರೂಪಾಯಿ. ಮನೆಯ ಲೆಕ್ಕದ ಪುಸ್ತಕದಲ್ಲಿ ‘ವರ್ಷದೊಳಗೆ ಮಾರತಕ್ಕದ್ದು’ ಎಂಬ ಪುಟದಲ್ಲಿ 24,000 ಎಂದು ಬರೆದೆ. ದೀಪಾವಳಿಯ ಹೊತ್ತಿಗೆ ಧಾರಣೆ 150ಕ್ಕೆ ಇಳಿಯಿತು. ನಾನು ಮಾಡಿದ್ದೇನು? ಆ ಸಾಲನ್ನು ಹೊಡೆದುಹಾಕಿ, ‘ದೀರ್ಘಕಾಲದ್ದು’ ಎಂಬ ಪುಟದಲ್ಲಿ ಅದೇ 24,000ವನ್ನು ಬರೆದುಕೊಂಡೆ. ಮಾರದೆ ಇಟ್ಟ ವಸ್ತುವಿಗೆ ನಷ್ಟವೆಲ್ಲಿಯದು? ಆ ರಾತ್ರಿ ಸುಖವಾಗಿ ನಿದ್ದೆ ಬಂತು.

ನಮ್ಮ ವಾಗ್ಳೆ ಎಸ್ಟೇಟಿನ 16ನೆಯ ನಂಬರಿನ ರಸ್ತೆಯಲ್ಲಿ ಸಂಜೆ ಬಸ್ಸಿಗೆ ಕಾಯುವಾಗ, ಕಾರಖಾನೆಯೊಂದರ ಲೆಕ್ಕ ಬರೆಯುವ ನಮ್ಮೂರ ಕಡೆಯ ಹಿರಿಯರೊಬ್ಬರು ಸಿಗುವುದುಂಟು. ಅವರೆದುರು ನನ್ನ ಜಾಣತನವನ್ನು ಹೇಳಿಕೊಂಡೆ.

“ತಮ್ಮಾ, ಕಂಪನಿಯಲ್ಲಿ ಹೀಗೆ ಬರೆದರೆ ಆಡಿಟರು ಬಿಡುವುದಿಲ್ಲ” ಎಂದು ನಕ್ಕರು.

ಅವರು ತಿಳಿಸಿದ್ದು ಇಷ್ಟು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ 13ನೆಯ ಲೆಕ್ಕ ಮಾನದಂಡ 1995ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳಿಗೆ 2016ರಿಂದ ಹಂತಹಂತವಾಗಿ ಬೇರೆ ನಿಯಮ ಬಂದಿದ್ದರೂ, ಸಣ್ಣ ಕಂಪನಿಗಳಿಗೆ ಇಂದಿಗೂ ಇದೇ. ಅಲ್ಪಕಾಲದ ಹೂಡಿಕೆಯನ್ನು ದೀರ್ಘಕಾಲದ್ದಾಗಿ ಬದಲಿಸುವಾಗ, ಕೊಂಡ ಬೆಲೆ ಮತ್ತು ಆ ದಿನದ ಬೆಲೆ ಇವೆರಡರಲ್ಲಿ ಕಡಿಮೆಯದನ್ನೇ ಬರೆಯಬೇಕು. ಅಂದರೆ ನನ್ನ ಹೊಸ ಪುಟದಲ್ಲಿ 15,000 ಮಾತ್ರ. ಉಳಿದ 9,000 ನಷ್ಟದ ಬಾಬ್ತು.

ಬ್ಯಾಂಕುಗಳಿಗೆ ಕಟ್ಟಳೆ ಇನ್ನೂ ಬಿಗಿ. ಮಂಗಳೂರಿನ ಕರ್ಣಾಟಕ ಬ್ಯಾಂಕಿರಲಿ, ಬೆಂಗಳೂರಿನ ಕೆನರಾ ಬ್ಯಾಂಕಿರಲಿ, ಹಿಂದೆ ವರ್ಷಕ್ಕೊಮ್ಮೆ ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದು ಹೂಡಿಕೆಯ ವರ್ಗ ಬದಲಿಸಬಹುದಿತ್ತು. 2024ರ ಏಪ್ರಿಲ್ 1ರಿಂದ ಮಂಡಳಿಯ ಒಪ್ಪಿಗೆಯ ಜೊತೆಗೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿಯೂ ಬೇಕು.

ಇಷ್ಟೇಕೆ ಬಿಗಿ? 2023ರ ಮಾರ್ಚ್ 10ರಂದು ಮುಚ್ಚಿದ ಅಮೇರಿಕೆಯ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕಥೆ ನೋಡಿ. ‘ಅವಧಿ ಮುಗಿಯುವ ತನಕ ಇಟ್ಟುಕೊಳ್ಳುವೆವು’ ಎಂದು ಬರೆದಿಟ್ಟ ಸಾಲಪತ್ರಗಳ ಬೆಲೆ, 2022ರ ಕೊನೆಗೆ, ಸುಮಾರು 15 ಶತಕೋಟಿ ಡಾಲರಿನಷ್ಟು ಇಳಿದಿತ್ತು. ಆದರೆ ಅದು ಲಾಭನಷ್ಟದ ಲೆಕ್ಕಕ್ಕೆ ಸೇರಿರಲಿಲ್ಲ. ಠೇವಣಿ ಇಟ್ಟವರು ಒಟ್ಟಾಗಿ ಬಂದು ಹಣ ಕೇಳಿದಾಗ ‘ಇಟ್ಟುಕೊಳ್ಳುವೆವು’ ಎಂಬ ಮಾತು ನಡೆಯಲಿಲ್ಲ.

ಮನೆಗೆ ಬಂದು ಈ ಪುರಾಣವನ್ನೆಲ್ಲ ಮನೆಯಾಕೆಗೆ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ಪುಟ ಬದಲಾಯಿಸಿದ್ರಿ, ಸರಿ. ಶಾಲೆಯವರು ಜೂನ್ ತಿಂಗಳು ಬದಲಾಯಿಸ್ತಾರೇನ್ರೀ?” ಎಂದಳು.

ಆ ಹಿರಿಯರು ಹೇಳಿದ ಕಟ್ಟಳೆಗಳ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಹಣ ಯಾವಾಗ ಬೇಕೆಂಬುದರ ಮೇಲೆ ವರ್ಗ ನಿಲ್ಲಬೇಕೇ ಹೊರತು, ಧಾರಣೆ ಇಳಿಯಿತೆಂಬುದರ ಮೇಲೆ ಅಲ್ಲ.

ಅಂದೇ ರಾತ್ರಿ ಲೆಕ್ಕ ತಿದ್ದಿದೆ. ಹಳೆಯ ಪುಟದಲ್ಲಿ 15,000, ನಷ್ಟ 9,000. ಆ ಕೊರತೆಯನ್ನು ತುಂಬಲು ಈ ಬೇಸಿಗೆಯಲ್ಲಿ ಊರಿಗೆ ಹೋಗುವುದನ್ನು ಬಿಟ್ಟೆವು. ಮಾವಿನ ಕಾಲದಲ್ಲಿ ಮೊಮ್ಮಗಳನ್ನು ಕಾಯುವ ಅಮ್ಮನಿಗೆ ಕಾರಣ ಬರೆಯುವುದು ಮಾತ್ರ, ಲೆಕ್ಕ ತಿದ್ದಿದಷ್ಟು ಸುಲಭವಾಗಲಿಲ್ಲ.